ಇಬ್ಬರ ನೀರು

"ತಲೆ!" ಎಂದು ತಂಗಿ ಕೂಗುವ ಹೊತ್ತಿಗೆ ನನ್ನ ಹಣೆ ತೊಲೆಗೆ ಬಡಿದಾಗಿತ್ತು. ಬೆಳಿಗ್ಗೆ ಬಂದಾಗಿನಿಂದ ಇದು ಏಳನೇ ಸಲ.

"ಇಂಥ ಗೂಡಲ್ಲಿ ಆರು ವರ್ಷ ಹೇಗಿದ್ದೀಯೇ ನೀನು?" ಹಣೆ ಉಜ್ಜಿಕೊಳ್ಳುತ್ತ ಕೇಳಿದೆ.

"ಬಗ್ಗಿ ನಡೀತೀನಿ. ನಿನಗೆ ಬಗ್ಗಿ ಅಭ್ಯಾಸ ಇಲ್ಲ, ಅದಕ್ಕೇ ಬಡಿಯತ್ತೆ."

ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಹೋದ ವರ್ಷ ನಿವೃತ್ತಳಾದವಳು ನಾನು. ಸೋಮವಾರ ಬೆಳಿಗ್ಗೆ ನನ್ನ ತಂಗಿಯ ಗಂಡ, ಎಲ್ಲರೂ ಮೇಷ್ಟ್ರು ಎನ್ನುವವರು, ಈ ಹಾಯಿದೋಣಿಯಿಂದ ಕಾಣೆಯಾದರು. ಇವತ್ತು ಗುರುವಾರ. ಸಂಜೆ ಐದೂ ಕಾಲಿಗೆ ಬಂದರಿನ ಇನ್ಸ್‌ಪೆಕ್ಟರ್ ನನ್ನ ತಂಗಿಯನ್ನು ಕೊಲೆ ಆರೋಪದ ಮೇಲೆ ಹಿಡಿಯಲಿದ್ದ. ಈಗ ಮೂರೂವರೆ.

ಅಂಥ ಹೊತ್ತಿನಲ್ಲಿ ಅವಳು ಮಾಡುತ್ತಿದ್ದುದೇನು? ಕಕ್ಕಸಿನ ಪಂಪು ಬಿಚ್ಚಿ, ಅದರ ರಬ್ಬರ್ ವಾಷರುಗಳನ್ನೆಲ್ಲ ಹಳೇ ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಗ್ರೀಸ್ ಹಚ್ಚುತ್ತಿದ್ದಳು. ಮೊಣಕೈವರೆಗೂ ಕಪ್ಪು. ಒಂದು ವಾಷರಿಗೆ ಎರಡು ಸಲ ಹಚ್ಚಿದ್ದು ಅವಳಿಗೇ ಗೊತ್ತಾಗಲಿಲ್ಲ.

"ಕೈಕಟ್ಟಿ ಒಂದು ಗಳಿಗೆ ಕೂತ್ಕೋಬಾರದೇನೇ?" ಎಂದೆ.

"ನೀನು ಕೂತಿದ್ದೀಯಾ?"

ಮಾತು ನಿಜ. ನನಗೆ ಯೋಚನೆ ಓಡಬೇಕಾದರೆ ಕಾಲು ಓಡಬೇಕು. ಠಾಣೆಯಲ್ಲಿದ್ದಾಗ ಉದ್ದನೆಯ ಕಾರಿಡಾರು ಸವೆಸಿಯೇ ಎಷ್ಟೋ ಕೇಸು ಬಿಡಿಸಿದ್ದೆ. ಇಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಮಂಚ, ತಿರುಗಿ ನಾಲ್ಕು ಹೆಜ್ಜೆ ಇಟ್ಟರೆ ಏಣಿ. ಕಾಲಡಿಯ ಹಲಗೆ ಬೇರೆ ಮೆಲ್ಲಗೆ ತೊನೆಯುತ್ತಲೇ ಇರುತ್ತದೆ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಲ್ಲಿಂದಿಲ್ಲಿಗೆ ಸುತ್ತುತ್ತಿದ್ದೆ.

ತಂಗಿ ತಟ್ಟನೆ ಎದ್ದಳು. "ಹತ್ತನೇ ನಂಬರ್ ಸ್ಪ್ಯಾನರ್ ಬೇಕು. ಆ ತುದಿ ದೋಣಿಯವರ ಹತ್ತಿರ ಕೇಳಿ ತರ್ತೀನಿ."

ಹನ್ನೊಂದೂವರೆಯಿಂದ ಇದು ಐದನೇ ಸಲ. ಗ್ರೀಸಿಗೆ ಒಬ್ಬರ ದೋಣಿ, ಪೈಪಿನ ಕ್ಲಿಪ್ಪಿಗೆ ಇನ್ನೊಬ್ಬರದು, ಸ್ಕ್ರೂಡ್ರೈವರಿಗೆ ಮತ್ತೊಬ್ಬರದು, ಇಕ್ಕಳಕ್ಕೆ ಮಗದೊಬ್ಬರದು. ಅವಳು ಏಣಿ ಹತ್ತಿ ಹೋದಳು. ಅವಳ ಹಿಂದೆಯೇ ನಾನೂ ಗಾಳಿಗೆಂದು ಮೇಲೆ ಬಂದೆ.

ಇನ್ಸ್‌ಪೆಕ್ಟರ್ ದೋಣಿಗಳನ್ನು ಕಟ್ಟುವ ಜೆಟ್ಟಿಯ ಮೇಲೆ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಮೂವತ್ತೈದರ ಹುಡುಗ, ಇಸ್ತ್ರಿ ಮಡಿಕೆ ಮುರಿಯದ ಅಂಗಿ.

"ಏನು ಮೇಡಂ, ಏನಾದ್ರೂ ಸಿಕ್ಕಿತಾ?"

"ಸಿಕ್ಕಿದ್ರೆ ಮೊದಲು ನಿಮಗೇ ಹೇಳ್ತೀನಿ."

"ತಪ್ಪು ತಿಳ್ಕೋಬೇಡಿ. ಗಂಡ ಹೋದ ಮೂರೇ ದಿನಕ್ಕೆ ಕಕ್ಕಸಿನ ಪಂಪು ರಿಪೇರಿಗೆ ಕೂತ ಹೆಂಗಸನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ."

"ಪಂಪಿಗೆ ಯಾರು ಹೋದ್ರು ಯಾರು ಇದ್ದಾರೆ ಅಂತ ಗೊತ್ತಾಗಲ್ಲ ಇನ್ಸ್‌ಪೆಕ್ಟ್ರೇ. ಅದು ಕೆಟ್ಟರೆ ದೋಣಿಯೊಳಕ್ಕೆ ಸಮುದ್ರ ಬರತ್ತೆ."

ಅವನು ಬೆರಳು ಮಡಚಿದ. "ನೋಡಿ, ಅವರ ರಬ್ಬರ್ ತೆಪ್ಪ ಖಾಲಿಯಾಗಿ ಗೇಟಿನ ಹತ್ತಿರ ತೇಲ್ತಿತ್ತು. ಅದರಲ್ಲಿ ರಕ್ತ. ದೋಣಿ ತಳ ಕೆರೆಯೋ ಚೂರಿ ಮೇಲೂ ರಕ್ತ. ಹಿಂದಿನ ದಿನ ಗಂಡ ಹೆಂಡ್ತಿ ಜಗಳ ಆಡಿದ್ದನ್ನ ಪಕ್ಕದ ಟೈಲರ್ ಕೇಳಿಸಿಕೊಂಡಿದ್ದಾರೆ. ರಸ್ತೆ ಕಡೆ ಬಾಗಿಲಲ್ಲಿ ಕಾವಲಿದೆ, ಮೇಷ್ಟ್ರು ಆ ಕಡೆ ಹೋಗಿಲ್ಲ. ಸಮುದ್ರದ ಗೇಟು ಮುಚ್ಚಿದೆ, ಈ ಕಡೇನೂ ಹೋಗಿಲ್ಲ. ಅಂದ್ರೆ ಇಲ್ಲೇ ಎಲ್ಲೋ ಕೆಸರಲ್ಲಿದ್ದಾರೆ."

ಈ ಬಂದರಿನ ಸಂಗತಿಯೇ ಹಾಗೆ. ಒಳಗಡೆ ಕೆರೆಯ ಹಾಗೆ ನಿಂತ ನೀರು, ಬಾಯಿಗೆ ಕಬ್ಬಿಣದ ಗೇಟು. ಹದಿನೈದು ದಿನಕ್ಕೊಮ್ಮೆ ದೊಡ್ಡ ಉಬ್ಬರ ಬಂದಾಗ ಮಾತ್ರ ಅದನ್ನು ತೆರೆಯುತ್ತಾರೆ. ಇವತ್ತು ಆ ದಿನ.

"ಐದೂ ಕಾಲಿಗೆ ಗೇಟು ತೆರೆದ್ರೆ ನನ್ನ ಸಾಕ್ಷಿಗಳೆಲ್ಲ ಹಾಯಿ ಬಿಚ್ಚಿಕೊಂಡು ಹೊರಟುಬಿಡ್ತಾರೆ" ಎಂದ ಅವನು. "ಅಷ್ಟರೊಳಗೆ ನಾನು ಅರೆಸ್ಟ್ ಮಾಡಿ ಅವರ ಹೇಳಿಕೆ ಬರೆಸಿಕೋಬೇಕು. ನೀವು ಸೀನಿಯರ್ ಅಂತ ಇಷ್ಟು ಹೊತ್ತು ಬಿಟ್ಟಿದ್ದೀನಿ."

"ನನ್ನ ತಂಗಿ ಸುಳ್ಳು ಹೇಳೋಳಲ್ಲ. ಬೆಳಿಗ್ಗೆ ಎದ್ದಾಗ ಗಂಡ ಇರಲಿಲ್ಲ ಅಂದಿದ್ದಾಳೆ, ಇರಲಿಲ್ಲ ಅಷ್ಟೇ. ನನ್ನ ಸರ್ವೀಸನ್ನೇ ಪಣಕ್ಕಿಡ್ತೀನಿ."

"ಇಡಿ ಮೇಡಂ. ಆದ್ರೆ ಉಪ್ಪು ತಿಂದೋರು ನೀರು ಕುಡೀಲೇಬೇಕು" ಎಂದು ಅವನು ತನ್ನ ಕಚೇರಿಯ ಕಡೆ ನಡೆದ. ನನಗೇ ಗಾದೆ ಹೇಳಿ ಹೋದನಲ್ಲ ಎಂದು ಮೈಯೆಲ್ಲ ಉರಿಯಿತು.

ಪಕ್ಕದ ದೋಣಿಯ ಮೇಲೆ ಟೈಲರ್ ಕೂತಿದ್ದ. ದೋಣಿಗಳ ಹಾಯಿ ಹೊಲಿಯುವ ಮುದುಕ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ದಬ್ಬಳದಂಥ ಸೂಜಿಯನ್ನು ದಪ್ಪ ಬಟ್ಟೆಗೆ ಒತ್ತಿ ತಳ್ಳುತ್ತಿದ್ದ. ನನ್ನನ್ನು ಕಂಡು ಅವನ ಕೈ ನಿಂತಿತು.

"ಅಮ್ಮಾ, ನಾನು ಕೇಳಿದ್ದನ್ನ ಹೇಳಿದ್ದು ಅಷ್ಟೇ. ಮೇಷ್ಟ್ರಮ್ಮನ ಮೇಲೆ ನನಗೇನು ದ್ವೇಷ?"

"ಕೇಳಿದ್ದೇನು? ಅವಳ ಮಾತಲ್ಲೇ ಹೇಳು."

"'ಇದನ್ನ ಇವತ್ತೇ ಮುಗಿಸಿಬಿಡಿ, ಇಲ್ಲಾಂದ್ರೆ ನಾನೇ ಮುಗಿಸ್ತೀನಿ' ಅಂತ ಕೂಗಿದ್ರು. ಭಾನುವಾರ ಸಂಜೆ. ಮೇಷ್ಟ್ರು ಏನಂದ್ರೋ ಕೇಳಿಸಲಿಲ್ಲ. ಅವರದು ಯಾವಾಗಲೂ ಮೆಲುದನಿ."

ನಾನು ಬೆಳಿಗ್ಗೆ ಕೇಳಿದಾಗ ತಂಗಿ, ಅದು ಕಕ್ಕಸಿನ ಪಂಪಿನ ಜಗಳ ಎಂದಿದ್ದಳು. ಮೇಷ್ಟ್ರನ್ನು ಬಲ್ಲ ನನಗೆ ಅದು ಸಹಜವಾಗಿಯೇ ಕಂಡಿತ್ತು. ಮೂವತ್ತು ವರ್ಷ ಭೂಗೋಳ ಪಾಠ ಮಾಡಿ, ಕೆಲಸ ಬಿಟ್ಟ ದಿನವೇ ಈ ದೋಣಿ ಕೊಂಡ ಮನುಷ್ಯ. ಯಾವ ರಿಪೇರಿಯನ್ನೂ ನಾಳೆಗೆ ಎನ್ನುವ ಜಾತಿ.

"ಮೇಷ್ಟ್ರಿಗೆ ಇಲ್ಲಿ ಯಾರ ಜೊತೆಗಾದ್ರೂ ಮನಸ್ತಾಪ ಇತ್ತಾ?"

"ಅವರಿಗಾ? ಹೋದ ವಾರ ಐದು ದೋಣಿಗಳ ತಳ ಕೆರೆದುಕೊಟ್ರು. ತಳಕ್ಕೆ ಸಮುದ್ರದ ಚಿಪ್ಪು ಹತ್ತಿದ್ರೆ ದೋಣಿ ಓಡಲ್ಲ ನೋಡಿ. ಬಾಯಿಗೆ ಗಾಳಿ ಪೈಪು ಕಚ್ಚಿಕೊಂಡು ನೀರಲ್ಲಿ ಮುಳುಗಿದ್ರೆ ಗಂಟೆಗಟ್ಲೆ ಮೇಲೆ ಬರ್ತಿರಲಿಲ್ಲ. ನನ್ನ ದೋಣೀನೂ ಕೆರೆದ್ರು." ಟೈಲರ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. ದನಿ ತಗ್ಗಿಸಿದ. "ಒಂದು ಮಾತು ಅಮ್ಮಾ. ಹನ್ನೊಂದೂವರೆಗೆ ಮೇಷ್ಟ್ರಮ್ಮ ಗ್ರೀಸ್ ಕೇಳ್ಕೊಂಡು ನನ್ನ ಹತ್ತಿರ ಬಂದ್ರು. ಡಬ್ಬ ಇಲ್ಲೇ ಕಾಲ ಹತ್ತಿರ ಇತ್ತು. ಆದ್ರೂ 'ನಾನೇ ನೋಡ್ಕೋತೀನಿ' ಅಂತ ಒಳಗಿಳಿದ್ರು. ನನ್ನ ಮಂಚದ ಹಲಗೆ ಎತ್ತಿ ನೋಡಿದ್ರು. ಗ್ರೀಸನ್ನ ಯಾರಾದ್ರೂ ಮಂಚದ ಕೆಳಗೆ ಇಡ್ತಾರಾ?"

"ಪೊಲೀಸಿಗೆ ಹೇಳಿದ್ದೀಯಾ ಇದನ್ನ?"

"ಇನ್ನೂ ಇಲ್ಲ" ಎಂದ ಟೈಲರ್. ಆ 'ಇನ್ನೂ' ನನಗೆ ಹಿಡಿಸಲಿಲ್ಲ.

ಕೆಳಗೆ ಬಂದೆ. ಎಂಟನೇ ಸಲ ಬಡಿಸಿಕೊಂಡೆ. ಎಂಜಿನ್ ಪೆಟ್ಟಿಗೆಯ ಮೇಲೆ ಮೇಷ್ಟ್ರು ಮಾಡಿದ ಉಪಕರಣಗಳ ಹಲಗೆ ಇತ್ತು. ಪ್ರತಿ ಉಪಕರಣದ ಹಿಂದೆಯೂ ಅದರದೇ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು, ಒಂದು ಇಲ್ಲದಿದ್ದರೆ ಕೂಡಲೇ ಗೊತ್ತಾಗಲಿ ಎಂದು. ನೋಡಿದೆ. ಎಲ್ಲವೂ ಅದರದರ ಜಾಗದಲ್ಲಿದ್ದವು. ಹತ್ತನೇ ನಂಬರಿನ ಸ್ಪ್ಯಾನರ್ ಅಲ್ಲೇ ನೇತಾಡುತ್ತಿತ್ತು. ಸ್ಕ್ರೂಡ್ರೈವರುಗಳು ಆರು. ಕೆಳಗಿನ ಡಬ್ಬದಲ್ಲಿ ಗ್ರೀಸು ತುಂಬಿತ್ತು.

ಮನೆಯಲ್ಲಿ ತುಂಬಿದ ಡಬ್ಬ ಇಟ್ಟುಕೊಂಡು ಊರೆಲ್ಲ ಬೇಡಲು ಹೋಗುವವಳಲ್ಲ ನನ್ನ ತಂಗಿ. ಚಿಕ್ಕಂದಿನಲ್ಲಿ ರಬ್ಬರನ್ನೂ ಸಾಲ ಕೇಳಿದವಳಲ್ಲ.

ಗಂಟಲು ಒಣಗಿತ್ತು. ಚಹಾಕ್ಕೆ ನೀರಿಡೋಣವೆಂದು ಒಲೆಯ ಹತ್ತಿರ ಹೋದೆ. ಬೆಳಿಗ್ಗೆ ಎಂಟಕ್ಕೆ ಬಂದವಳು ನಲ್ಲಿ ಬಿಟ್ಟು ಮುಖ ತೊಳೆದದ್ದಕ್ಕೆ ಅವಳು ನನ್ನ ಮೇಲೆ ಹರಿಹಾಯ್ದಿದ್ದಳು. "ಅಕ್ಕಾ, ಇದು ನಿನ್ನ ಮನೆ ಅಲ್ಲ. ಒಂದು ಲೋಟದಲ್ಲಿ ಮುಖ ತೊಳಿ." ಗಂಡ ಸತ್ತನೆಂದು ಊರೆಲ್ಲ ಹೇಳುತ್ತಿರುವಾಗ ಇವಳಿಗೆ ಲೋಟದ ಲೆಕ್ಕವೇ ಎಂದು ಆಗ ಬೇಜಾರಾಗಿತ್ತು. ಈಗ ಒಲೆಯ ಪಕ್ಕ, ದಾರ ಕಟ್ಟಿ ಮೊಳೆಗೆ ತೂಗುಹಾಕಿದ್ದ ಪುಸ್ತಕ ಕಣ್ಣಿಗೆ ಬಿತ್ತು.

ಟ್ಯಾಂಕಿನ ಪುಸ್ತಕ. ದಿನಾ ಬೆಳಿಗ್ಗೆ ಆರಕ್ಕೆ ಎದ್ದ ಕೂಡಲೇ ಟ್ಯಾಂಕಿಗೆ ಅಳತೆ ಕೋಲು ಇಳಿಬಿಟ್ಟು, ಎಷ್ಟು ನೀರು ಉಳಿದಿದೆ ಎಂದು ಬರೆಯುವುದು ಅವರ ರೂಢಿ. ಬಂದರಿನಲ್ಲಿದ್ದಾಗ ಭಾನುವಾರಕ್ಕೊಮ್ಮೆ ತುಂಬಿಸುತ್ತಾರೆ. ನೀರು ಸುಲಭವಾಗಿ ಸಿಗುವ ಕಡೆಯಲ್ಲೂ ಬರೆಯುವುದನ್ನು ಬಿಡುವುದಿಲ್ಲ. ಇಲ್ಲಿ ಬಿಟ್ಟ ಕೈ ನಡುನೀರಿನಲ್ಲಿ ಹಿಡಿತಕ್ಕೆ ಬರುವುದಿಲ್ಲವಂತೆ.

ಸುಮ್ಮನೆ ತಿರುವಿದೆ. ಎರಡು ಕೈಬರಹಗಳು: ಮೇಷ್ಟ್ರದು ಬೋರ್ಡಿನ ಮೇಲೆ ಬರೆದ ಹಾಗೆ ಗುಂಡಗೆ, ತಂಗಿಯದು ಓಡುವ ಅಕ್ಷರ. ದಿನಕ್ಕೆ ಹದಿನೆಂಟು ಲೀಟರು, ಹತ್ತೊಂಬತ್ತು, ಮತ್ತೆ ಹದಿನೆಂಟು. ಹೋದ ತಿಂಗಳು ಮೇಷ್ಟ್ರು ತಮ್ಮ ಅಕ್ಕನ ಮನೆಗೆಂದು ಐದು ದಿನ ಹೋಗಿದ್ದರಲ್ಲ, ಆ ಐದು ದಿನ ಒಂಬತ್ತು, ಹತ್ತು, ಒಂಬತ್ತು. ಆಮೇಲೆ ಮತ್ತೆ ಹದಿನೆಂಟು.

ಕೊನೆಯ ಹಾಳೆಗೆ ಬಂದೆ. ಸೋಮವಾರ ಬೆಳಿಗ್ಗೆ ಉಳಿದದ್ದು ನೂರಾ ಎಂಬತ್ತೆರಡು. ಮಂಗಳವಾರ ನೂರಾ ಅರವತ್ತನಾಲ್ಕು. ಬುಧವಾರ ನೂರಾ ನಲವತ್ತೈದು. ಇವತ್ತು, ನಾನು ಬರುವ ಎರಡು ಗಂಟೆ ಮೊದಲು, ನೂರಾ ಇಪ್ಪತ್ತೇಳು.

ಕಳೆದೆ. ನಂಬಲಾಗದೆ ಬೆರಳೆಣಿಸಿ ಮತ್ತೊಮ್ಮೆ ಕಳೆದೆ. ಹದಿನೆಂಟು. ಹತ್ತೊಂಬತ್ತು. ಹದಿನೆಂಟು.

ಪುಸ್ತಕ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತೆ. ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಅರ್ಧ ಗಂಟೆಯ ಹಿಂದಷ್ಟೇ ಇವಳಿಗಾಗಿ ನನ್ನ ಇಡೀ ಸರ್ವೀಸನ್ನು ಆ ಹುಡುಗನ ಮುಂದೆ ಪಣಕ್ಕಿಟ್ಟು ಬಂದಿದ್ದೆ.

ತಂಗಿ ಇಳಿದು ಬಂದಳು. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ.

"ಸಿಗಲಿಲ್ವಾ?"

"ಅವರ ಹತ್ರ ಹತ್ತನೇ ನಂಬರ್ ಇಲ್ವಂತೆ."

"ನಿನ್ನ ಹತ್ರ ಇದೆ. ಹಲಗೆ ಮೇಲೆ, ನಿನ್ನ ತಲೆ ಹಿಂದೆ."

ಅವಳು ತಿರುಗಿ ನೋಡಲಿಲ್ಲ. ನನ್ನ ತೊಡೆಯ ಮೇಲಿದ್ದ ಪುಸ್ತಕವನ್ನೇ ನೋಡುತ್ತ ನಿಂತಳು.

"ಸೋಮವಾರದಿಂದ ಈ ದೋಣೀಲಿ ಇಬ್ಬರು ನೀರು ಕುಡೀತಿದ್ದಾರೆ" ಎಂದೆ. "ಎಲ್ಲಿ ನಿನ್ನ ಗಂಡ?"

ಅವಳು ವಾಷರುಗಳ ಪಕ್ಕ ನೆಲದ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ. ನಕ್ಕಳು. ಆ ನಗು ನೋಡಿ ನನಗೆ ಭಯವಾಯಿತು.

"ಪೊಲೀಸರಿಗೆ ಸುಳ್ಳು ಹೇಳ್ದೆ. ನಿನಗೂ ಹೇಳ್ದೆ. ಆ ಪುಸ್ತಕಕ್ಕೆ ಹೇಳಕ್ಕಾಗ್ಲಿಲ್ಲ ಅಕ್ಕಾ. ಮಂಗಳವಾರ ಪೆನ್ ಹಿಡಿದು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಗೊತ್ತಾ? ಟ್ಯಾಂಕಿನ ಪುಸ್ತಕದಲ್ಲಿ ಸುಳ್ಳು ಬರೆದ್ರೆ ನಡುನೀರಲ್ಲಿ ಜನ ಸಾಯ್ತಾರೆ. ಕೈ ಏಳಲೇ ಇಲ್ಲ."

"ಎಲ್ಲಿದ್ದಾರೆ ಅಂತ ಕೇಳಿದೆ."

"ದೋಣಿ ಮುಂಭಾಗದ ಹಾಯಿ ಗೂಡಲ್ಲಿ ಇದ್ರು. ಹಾಯಿ ಚೀಲದೊಳಗೆ. ಸೋಮವಾರ ಪೊಲೀಸರು ಹುಡುಕೋಕೆ ಬಂದಾಗ ಒಬ್ಬ ಪೇದೆ ಸುಸ್ತಾಗಿ ಅವರ ಮೇಲೇ ಕೂತಿದ್ದ."

ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. "ಯಾಕೆ? ಈ ನಾಟಕ ಯಾಕೆ?"

ಮಾತು ಗಡಗಡನೆ ಬಂತು. ಮೂರು ದಿನ ಬಾಯಿ ಕಟ್ಟಿಕೊಂಡಿದ್ದವಳು.

"ಹೋದ ವಾರ ಆ ಐದು ದೋಣಿ ಕೆರೆದ್ರಲ್ಲ, ಅದರಲ್ಲಿ ಒಂದರ ತಳದಲ್ಲಿ ಕಳ್ಳಮಾಲು ಇಡೋ ಥರದ ಪೆಟ್ಟಿಗೆ ಇತ್ತಂತೆ. ನೀರಿನ ಕೆಳಗೆ, ಬೋಲ್ಟ್ ಹಾಕಿ ಕೂರಿಸಿದ್ರಂತೆ. ಏನಿದು ಅಂತ ಮುಟ್ಟಿ ನೋಡ್ತಿದ್ದಾಗ ಗಾಳಿ ನಿಂತುಹೋಯ್ತಂತೆ. ಮೇಲೆ ಬಂದು ನೋಡಿದ್ರೆ ಆ ದೋಣಿಯವನು ಜೆಟ್ಟಿ ಮೇಲೆ ಕೂತು ಇವರ ಗಾಳಿ ಪೈಪಿನ ಮೇಲೆ ಕಾಲಿಟ್ಟಿದ್ದಾನೆ. ನಗ್ತಾ ಇದ್ದನಂತೆ. 'ಕೆಳಗೆ ಬರೀ ಕತ್ತಲೆ ಅಲ್ವಾ ಮೇಷ್ಟ್ರೇ, ಏನೂ ಕಾಣಿಸಲ್ಲ' ಅಂದನಂತೆ."

"ಯಾರು ಅವನು?"

"ಹೇಳಲಿಲ್ಲ. ಎಷ್ಟು ಬೇಡಿಕೊಂಡ್ರೂ ಹೇಳಲಿಲ್ಲ. ನಿನ್ನ ಮುಖ ಕನ್ನಡಿ ಇದ್ದ ಹಾಗೆ, ನಿನಗೆ ಗೊತ್ತಾದ್ರೆ ಅವನಿಗೂ ಗೊತ್ತಾಗತ್ತೆ ಅಂದ್ರು."

"ಠಾಣೆಗೆ ಹೋಗೋಕೇನಾಗಿತ್ತು?"

"ಅದಕ್ಕೇ ಭಾನುವಾರ ಕೂಗಾಡಿದ್ದು ನಾನು. ಹೋಗಿ ಹೇಳಿ, ಇವತ್ತೇ ಮುಗಿಸಿಬಿಡಿ ಅಂತ. ಅವರು ಕೇಳಬೇಕಲ್ಲ. 'ಪೊಲೀಸರು ಬರೋ ಹೊತ್ತಿಗೆ ಪೆಟ್ಟಿಗೆ ಕೆಸರು ಸೇರಿರತ್ತೆ, ಆಮೇಲೆ ಅವನ ಪಕ್ಕದಲ್ಲೇ ನಾವು ಮಲಗಬೇಕು' ಅಂದ್ರು. ಗುರುವಾರ ಗೇಟು ತೆರೆಯತ್ತೆ, ಅವನು ಹೋಗ್ತಾನೆ, ಅಲ್ಲೀವರೆಗೆ ನಾನು ಸತ್ತಿರ್ತೀನಿ ಅಂದ್ರು. ಚಿಪ್ಪು ತಾಗಿ ಕೈ ಕೊಯ್ದಿತ್ತು, ಅದೇ ರಕ್ತ ತೆಪ್ಪಕ್ಕೆ ಸವರಿ ತಳ್ಳಿಬಿಟ್ರು."

"ಚೂರಿಗೆ?"

"ಅದು ಅವರ ಚೂರಿ ತಾನೇ, ಮೊದಲೇ ರಕ್ತ ಆಗಿತ್ತು. ಅದನ್ನ ನೋಡಿ ನನ್ನ ಮೇಲೆ ಅನುಮಾನ ಬರತ್ತೆ ಅಂತ ಇಬ್ಬರಿಗೂ ಹೊಳೀಲೇ ಇಲ್ಲ ಅಕ್ಕಾ."

"ಐದನೇ ಕ್ಲಾಸಿನ ಮಕ್ಕಳೂ ಇದಕ್ಕಿಂತ ಚೆನ್ನಾಗಿ ಯೋಚನೆ ಮಾಡ್ತಾರೆ!" ಕೂಗಿಬಿಟ್ಟೆ. ಜತೆಗೇ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮನುಷ್ಯ ಬದುಕಿದ್ದಾರೆ. ಪೆದ್ದತನಕ್ಕೆ ನೇಣು ಇಲ್ಲ. "ಏಳು. ಕರಿ ಅವರನ್ನ. ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸೋಣ, ಬೈಗುಳ ತಿನ್ನೋಣ, ಮುಗೀತು."

ಅವಳು ಏಳಲಿಲ್ಲ.

"'ಇದ್ರು' ಅಂದೆ ನಾನು. 'ಇದ್ದಾರೆ' ಅನ್ನಲಿಲ್ಲ" ಎಂದಳು.

ಮಂಚ ದಾಟಿ, ಮುಂದಿನ ಪುಟ್ಟ ಬಾಗಿಲು ತೆಗೆದು ತೋರಿಸಿದಳು. ಬಗ್ಗಿ ತಲೆ ಹಾಕಿದೆ. ತೇವದ ವಾಸನೆ. ಮಡಚಿದ ಹಾಯಿ, ಹಗ್ಗದ ಸುರುಳಿ, ಅರ್ಧ ಕುಡಿದ ನೀರಿನ ಬಾಟಲಿ. ಒಂದು ಚಪ್ಪಲಿ. ಹಗ್ಗದ ಮೇಲೆ ಕನ್ನಡಕ, ಒಂದು ಗಾಜು ಒಡೆದಿತ್ತು. ಮೇಲ್ಗಡೆ, ಹೊರಕ್ಕೆ ತೆರೆಯುವ ಮುಚ್ಚಳದ ಚಿಲಕ ಕಿತ್ತು ಒಂದೇ ಸ್ಕ್ರೂನಲ್ಲಿ ನೇತಾಡುತ್ತಿತ್ತು. ಯಾರೋ ಹೊರಗಿನಿಂದ ಸಲಾಕೆ ಹಾಕಿ ಮೀಟಿದ್ದರು.

"ಯಾವಾಗ?"

"ಬೆಳಿಗ್ಗೆ ಆರಕ್ಕೆ ಚಹಾ ಕೊಟ್ಟೆ. ಎಂಟಕ್ಕೆ ನೀನು ಬಂದೆ. ಒಂಬತ್ತಕ್ಕೆ ಹೇಳಿಕೆ ಕೊಡೋಕೆ ಇಬ್ಬರೂ ಠಾಣೆಗೆ ಹೋದ್ವಲ್ಲ. ಹನ್ನೊಂದಕ್ಕೆ ವಾಪಸ್ ಬಂದು ಬಾಗಿಲು ತೆಗೆದ್ರೆ ಹೀಗಿತ್ತು." ಅವಳು ಕನ್ನಡಕ ಎತ್ತಿಕೊಂಡಳು. "ಮೂರು ದಿನ ನಾನು ಹೇಳಿದ್ದೆಲ್ಲ ಸುಳ್ಳು. ಹನ್ನೊಂದು ಗಂಟೆಯಿಂದ ಅದೇ ನಿಜ ಆಗಿಹೋಗಿದೆ ಅಕ್ಕಾ. ಕನ್ನಡಕ ಇಲ್ಲದೆ ಅವರಿಗೆ ತಮ್ಮ ಕೈಯೇ ಕಾಣಲ್ಲ."

ಹಾಗಾದರೆ ಗ್ರೀಸು, ಕ್ಲಿಪ್ಪು, ಸ್ಪ್ಯಾನರ್! ಆ ಐದೂ ದೋಣಿಗಳಿಗೆ ಒಂದೊಂದು ನೆಪ ಮಾಡಿಕೊಂಡು ಇಳಿದು ಗಂಡನನ್ನು ಹುಡುಕುತ್ತಿದ್ದಳು. ಪಕ್ಕದಲ್ಲೇ ಅಕ್ಕನನ್ನು, ಅದೂ ಪೊಲೀಸ್ ಅಕ್ಕನನ್ನು ಇಟ್ಟುಕೊಂಡು, ಒಬ್ಬಳೇ. ನನಗೆ ಸಂಕಟವಾಯಿತು. ಅವಳ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡೆ.

"ನನಗೆ ಹೇಳಬಾರದಾಗಿತ್ತೇನೇ?"

"ಹೇಳಿದ್ರೆ ನೀನು ಸೀದಾ ಇನ್ಸ್‌ಪೆಕ್ಟರ್ ಹತ್ರ ಓಡ್ತಿದ್ದೆ. ಅವನು ಸುದ್ದಿ ತಗೊಂಡು ಜೆಟ್ಟಿ ಮೇಲೆ ಜೋರಾಗಿ ವಿಚಾರಣೆ ಶುರು ಮಾಡ್ತಿದ್ದ. ಅವನ್ಯಾರೋ ಗಾಬರಿಯಾಗಿ ಇವರನ್ನ ಏನು ಮಾಡಿಬಿಡ್ತಾನೋ ಅಂತ ಹೆದರಿದೆ. ನಾನೇ ಹುಡುಕ್ತೀನಿ ಅಂದ್ಕೊಂಡೆ. ನಾಲ್ಕು ದೋಣೀಲಿ ಅರ್ಧ ಅರ್ಧ ನೋಡಕ್ಕಾಯ್ತು. ಐದನೆಯವನು ಇಳಿಯೋಕೂ ಬಿಡಲಿಲ್ಲ, ಈಗಷ್ಟೇ ನೆಲಕ್ಕೆ ಬಣ್ಣ ಬಳಿದಿದ್ದೀನಿ ಅಂದ."

"ಆ ತುದಿಯವನಾ?"

"ಬಣ್ಣದ ವಾಸನೆ ಇತ್ತು ಅಕ್ಕಾ. ನಿಜವಾಗಿಯೂ ಬಳಿದಿದ್ದಾನೆ. ಅವನೇ ಅಂತ ಹೇಗೆ ಹೇಳಲಿ?"

ಗೋಡೆಯ ಗಡಿಯಾರ ನಾಲ್ಕು ಐವತ್ತು ತೋರಿಸುತ್ತಿತ್ತು. ಹೊರಗೆ ಒಂದೊಂದಾಗಿ ಎಂಜಿನ್‌ಗಳು ಚಾಲೂ ಆಗುತ್ತಿದ್ದವು. ಆ ಸದ್ದು ದೋಣಿಯ ಹಲಗೆಯ ಮೂಲಕ ಕಾಲಿಗೆ ಹತ್ತುತ್ತಿತ್ತು. ಯಾರೋ ಹಗ್ಗ ಬಿಚ್ಚಲು ಕೂಗುತ್ತಿದ್ದರು.

"ಈಗಲಾದ್ರೂ ಹೋಗಿ ಹೇಳೋಣ" ಎಂದೆ.

"ಏನಂತ? ಮೂರು ದಿನ ಸುಳ್ಳು ಹೇಳಿದವಳು ನಾಲ್ಕನೇ ದಿನ ಹೊಸ ಕತೆ ಕಟ್ಟಿದಳು ಅಂತಾನೆ. ನೀನಾಗಿದ್ರೆ ನಂಬ್ತಿದ್ಯಾ?"

ಇಲ್ಲ. ನಾನಾಗಿದ್ದರೆ ನಂಬುತ್ತಿರಲಿಲ್ಲ. ಮೊದಲು ಅವಳನ್ನು ಕೂರಿಸಿ ಹೊಸ ಹೇಳಿಕೆ ಬರೆಸಿಕೊಳ್ಳುತ್ತಿದ್ದೆ, ಅದಕ್ಕೇ ಒಂದು ಗಂಟೆ ಹಿಡಿಯುತ್ತಿತ್ತು.

"ಗೇಟು ತೆರೆಯದ ಹಾಗೆ ಯಾವಾಗ ತಡೀಬಹುದು ಅವರು?" ಎಂದು ಕೇಳಿದಳು. ಬಟ್ಟೆ ತಗೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದಳು.

ನಾನು ಹೊಸ ಪೇದೆಗಳಿಗೆ ಪಾಠ ಹೇಳುವ ದನಿಯಲ್ಲೇ, ಯೋಚಿಸದೆ, ಹೇಳಿಬಿಟ್ಟೆ. "ಕಾಣೆಯಾದ ಕೇಸಿಗೆ ಯಾರೂ ಗೇಟು ತಡೆಯಲ್ಲ. ಕೊಲೆ ಆಗಿದೆ, ಹೆಣ ಈ ದೋಣಿಗಳಲ್ಲೇ ಯಾವುದರಲ್ಲೋ ಇದೆ ಅಂತ ಖಚಿತ ಆಗಬೇಕು. ಆಗ ಎಲ್ಲಾ ದೋಣೀನೂ ತಡೆದು ಹಲಗೆ ಕಿತ್ತು ಹುಡುಕಬಹುದು."

"ಬಣ್ಣ ಬಳಿದಿದ್ರೂ?"

"ಬಣ್ಣ ಬಳಿದಿದ್ರೂ."

ಅವಳು ತಲೆಯಾಡಿಸಿದಳು. ಬಗ್ಗಿ ಕಕ್ಕಸಿನ ಕೆಳಗಿನ ವಾಲ್ವನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು. "ಪಂಪು ಬಿಚ್ಚೇ ಇದೆ. ಯಾವ ಕಾರಣಕ್ಕೂ ಇದನ್ನ ತಿರುಗಿಸಬೇಡ, ದೋಣಿ ಮುಳುಗತ್ತೆ" ಎಂದು ನನಗೆ ಹೇಳಿ ಏಣಿ ಹತ್ತಿದಳು.

ಅವಳೇನು ಮಾಡಹೊರಟಿದ್ದಾಳೆ ಎಂದು ಹೊಳೆಯಲು ನನಗೆ ಒಂದು ಉಸಿರಿನಷ್ಟು ತಡವಾಯಿತು. ಹಿಂದೆಯೇ ನುಗ್ಗಿದೆ. ತೊಲೆ ಬಡಿಯಿತು, ಕಣ್ಣು ಕತ್ತಲಿಟ್ಟಿತು. ಮೇಲೆ ಬರುವಷ್ಟರಲ್ಲಿ ಅವಳು ಜೆಟ್ಟಿಯ ಮಧ್ಯದಲ್ಲಿದ್ದಳು. ಎದುರಿನಿಂದ ಇನ್ಸ್‌ಪೆಕ್ಟರ್ ಇಬ್ಬರು ಪೇದೆಗಳ ಜತೆ ಬರುತ್ತಿದ್ದ.

"ಸಾರ್!" ಅವಳ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. "ಗೇಟು ತೆರೀಬೇಡಿ. ನನ್ನ ಗಂಡನ್ನ ನಾನೇ ಕೊಂದಿದ್ದು."

ಹಗ್ಗ ಬಿಚ್ಚುತ್ತಿದ್ದವರ ಕೈಗಳು ನಿಂತವು. ಟೈಲರ್ ಎದ್ದು ನಿಂತ.

"ಹೆಣ ಇಲ್ಲೇ ಇದೆ. ಈ ದೋಣಿಗಳಲ್ಲಿ ಒಂದರಲ್ಲಿ ಬಚ್ಚಿಟ್ಟಿದ್ದೀನಿ. ಇವತ್ತು ಅರ್ಧ ದಿನ ಎಲ್ಲರ ದೋಣಿಗೂ ಇಳಿದಿದ್ದೀನಿ, ಬೇಕಾದ್ರೆ ಕೇಳಿ. ಯಾವುದು ಅಂತ ಮಾತ್ರ ಹೇಳಲ್ಲ."

"ಹೌದು ಸಾರ್" ಎಂದ ಟೈಲರ್. "ನನ್ನ ಮಂಚ ಎತ್ತಿ ನೋಡಿದ್ರು."

"ಅವಳ ಮಾತು ಕೇಳಬೇಡಿ!" ನಾನು ಓಡಿದೆ. "ಮನಸ್ಸು ಸರಿಯಿಲ್ಲ ಅವಳಿಗೆ. ಸುಳ್ಳು ಹೇಳ್ತಿದ್ದಾಳೆ."

ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಲೂ ಇಲ್ಲ. ಒಬ್ಬ ಪೇದೆ ಗೇಟಿನ ಕಡೆ ಓಡಿದ. ತಂಗಿ ತಾನಾಗಿಯೇ ಎರಡೂ ಕೈ ಮುಂದಕ್ಕೆ ಚಾಚಿದಳು. ಬೇಡಿ ಬೀಳುವಾಗ ನನ್ನನ್ನು ನೋಡಿ, ಚಿಕ್ಕಂದಿನಲ್ಲಿ ಆಟದಲ್ಲಿ ಗೆದ್ದಾಗ ನಗುತ್ತಿದ್ದಳಲ್ಲ, ಹಾಗೆ ನಕ್ಕಳು. ಗೇಟು ತೆರೆಯುವುದಿಲ್ಲವೆಂದು ಗಂಟೆ ಬಾರಿಸಿದರು. ಎಂಜಿನ್‌ಗಳು ಒಂದರ ಹಿಂದೊಂದು ಆರಿದವು.

"ಈ ಕೊನೆಯಿಂದ ಶುರು ಮಾಡಿ" ಎಂದು ಇನ್ಸ್‌ಪೆಕ್ಟರ್ ಹೇಳುತ್ತಿದ್ದ. "ಒಂದೊಂದು ದೋಣಿಗೂ ಅರ್ಧ ಗಂಟೆ. ಹಲಗೆಗಳನ್ನೆಲ್ಲ ಎತ್ತಿ."

ಬಣ್ಣ ಬಳಿದ ದೋಣಿಯಿರುವ ಆ ಕೊನೆ ತಲುಪಲು ಎರಡು ಗಂಟೆಗೂ ಮಿಕ್ಕಿ ಬೇಕು. ನನಗೆ ಹೊಳೆದದ್ದು ಆಗ. ಮೇಷ್ಟ್ರನ್ನು ಹಿಡಿದಿಟ್ಟುಕೊಂಡವನು ಎಲ್ಲರ ಜತೆ ನಿಂತು ಈ ಮಾತನ್ನು ಕೇಳಿಸಿಕೊಂಡಿದ್ದಾನೆ. ಇಷ್ಟು ಹೊತ್ತು ಅವರನ್ನು ಕೊಲ್ಲಲು ಅವನಿಗೆ ಒಂದೇ ಒಂದು ಹೆದರಿಕೆ ಇದ್ದಿರಬೇಕು, ಹೆಣ ಸಿಕ್ಕರೆ ಕೊಂದವನು ಯಾರು ಎಂದು ಕೇಳುತ್ತಾರೆ ಎನ್ನುವುದು. ಈಗ ಯಾರೂ ಕೇಳುವುದಿಲ್ಲ. ನನ್ನ ತಂಗಿ ಒಪ್ಪಿಕೊಂಡಾಗಿದೆ.